ನಿಲ್ಲದವಳು

ಹಾಸಿಗೆ ಮಾರುವ ಅಂಗಡಿಯಲ್ಲಿ ಅವಳು ಕೂರುವ ಹಾಗಿರಲಿಲ್ಲ.

ದೊಡ್ಡ ಅಂಗಡಿ. ರಸ್ತೆಯ ಕಡೆಗೆ ಪೂರ್ತಿ ಗಾಜು. ಒಳಗೆ ಸಾಲು ಮಂಚಗಳು, ಮಂಚದ ಮೇಲೆ ಹಾಸಿಗೆಗಳು. ಸ್ಪ್ರಿಂಗಿನದು, ಫೋಮಿನದು, ನಾರಿನದು, ಬೆನ್ನುನೋವಿನವರಿಗೆ ಬೇರೆ, ಹೊಸದಾಗಿ ಮದುವೆಯಾದವರಿಗೆ ಬೇರೆ. ಗಿರಾಕಿಗಳು ಚಪ್ಪಲಿ ಬಿಟ್ಟು ಹತ್ತುತ್ತಿದ್ದರು, ಬಿಡದೆಯೂ ಹತ್ತುತ್ತಿದ್ದರು. ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದರು. ಗೊರಕೆ ಹೊಡೆದವರೂ ಇದ್ದರು. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತು, "ಸೊಂಟಕ್ಕೆ ಹೇಗನಿಸ್ತಿದೆ ಸರ್?" ಎಂದು ಕೇಳಬೇಕು. ಶಟರ್ ಎತ್ತಿದಾಗಿನಿಂದ ಇಳಿಸುವ ತನಕ ಅವಳ ಸೊಂಟಕ್ಕೆ ಹೇಗನಿಸುತ್ತದೆ ಎಂದು ಕೇಳುವ ಪ್ರಾಣಿ ಅಲ್ಲಿ ಇರಲಿಲ್ಲ.

ಒಂದು ಸ್ಟೂಲೂ ಇರಲಿಲ್ಲ. ಇದ್ದ ಒಂದನ್ನು ಮೇಲ್ವಿಚಾರಕ ಗೋದಾಮಿಗೆ ಹಾಕಿಸಿದ್ದ. ಅವನಿಗೆ ಹುಡುಗಿಯರು ಸ್ಪ್ರಿಂಗು ಎಂದು ಹೆಸರಿಟ್ಟಿದ್ದರು. ಮಾಲೀಕನ ಕಾರು ಕಂಡರೆ ಅವನು ಕುರ್ಚಿಯಿಂದ ಪುಟಿದು ಏಳುತ್ತಿದ್ದ. ಕುರ್ಚಿ ಅವನೊಬ್ಬನಿಗೇ ಇದ್ದದ್ದರಿಂದ ಪುಟಿಯುವ ಅವಕಾಶವೂ ಅವನೊಬ್ಬನಿಗೇ.

"ಕೂತ್ಕೊಂಡ್ರೆ ಸೋಮಾರಿತನ ಬರುತ್ತೆ," ಎನ್ನುತ್ತಿದ್ದ. "ನಿಂತ್ಕೊಂಡೇ ಇರಬೇಕು. ಗಿರಾಕಿ ಇಲ್ಲದೆ ಇದ್ರೂ ನಿಂತ್ಕೊಂಡೇ ಇರಬೇಕು. ನಿಲ್ಲೋಕಾಗದವಳು ಮನೇಲಿರಲಿ."

ಮನೆಯಲ್ಲಿ ಇನ್ನೊಂದು ಕಥೆ.

"ಇವಳಿಗೆ ನಿಲ್ಲಲ್ಲ," ಎನ್ನುತ್ತಿದ್ದಳು ಅತ್ತೆ, ಬಾಗಿಲಿಗೆ ಬಂದವರ ಹತ್ತಿರವೆಲ್ಲ. ಬಸಿರು ಎಂಬ ಮಾತನ್ನು ಸೇರಿಸುತ್ತಿರಲಿಲ್ಲ. ಸೇರಿಸುವುದು ಬೇಕಿರಲಿಲ್ಲ. ಬಂದವರು ಅವಳನ್ನು ಮೇಲಿಂದ ಕೆಳಗೆ ನೋಡಿ, ನೋಟವನ್ನು ನಡುವಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಪಾಪ ಎನ್ನುತ್ತಿದ್ದರು. ಆಮೇಲೆ ಆ ಮಾತು ಮನೆಯಿಂದ ಬೀದಿಗೆ ಹೋಯಿತು. ಬೀದಿಯಲ್ಲಿ ಅವಳು ನಿಲ್ಲದವಳು. ನಲ್ಲಿಯ ಹತ್ತಿರ ಯಾರೋ ಒಬ್ಬಳು, "ನಿಲ್ಲದವಳ ಕೊಡ ತುಂಬಿತು, ತೆಗೀರೇ," ಎಂದದ್ದನ್ನು ಅವಳೇ ಕಿವಿಯಾರೆ ಕೇಳಿದ್ದಳು.

ದಿನವಿಡೀ ನಿಂತು ಬಂದು ಇದನ್ನು ಕೇಳಬೇಕಿತ್ತು.

ಮೊದಲನೆಯದು ಹೋದಾಗ ಮೆಟ್ಟಿಲು ಕಾರಣವಾಯಿತು. ಅಂಗಡಿಯ ಮೇಲಿನ ಅಂತಸ್ತಿಗೆ ಅವಳು ಹತ್ತಿ ಇಳಿದಿದ್ದಳಂತೆ. ಎರಡನೆಯದು ಹೋದಾಗ ದಿಂಬು ಕಾರಣವಾಯಿತು. ಎತ್ತರದ ಅಟ್ಟಣೆಯಿಂದ ದಿಂಬು ತೆಗೆಯಲು ಕೈ ಮೇಲೆತ್ತಿದ್ದಳಂತೆ, ಕೈ ಎತ್ತಿದರೆ ಒಳಗಿನ ಹಿಡಿ ಸಡಿಲವಾಗುತ್ತದಂತೆ. ಈ ಶರೀರಶಾಸ್ತ್ರವನ್ನು ಅತ್ತೆಗೆ ಹೇಳಿಕೊಟ್ಟವಳು ಪಕ್ಕದ ಮನೆಯವಳು. ಅವಳು ಯಾರಿಂದ ಕಲಿತಳೋ. ಸೊಸೆ ಏನು ಹತ್ತಿದಳು, ಏನು ಎತ್ತಿದಳು, ಏನು ತಿಂದಳು, ಯಾವ ಮಗ್ಗುಲಿಗೆ ಮಲಗಿದಳು ಎಂದು ಎಲ್ಲರೂ ಕೇಳಿದರು. ಗಂಡ ಏನು ಹತ್ತಿದ, ಏನು ಎತ್ತಿದ ಎಂದು ಯಾರೂ ಕೇಳಲಿಲ್ಲ.

ಎರಡನೆಯದು ಹೋದ ಮೇಲೆ ಅತ್ತೆ ಇಟ್ಟಿಗೆ ತರಿಸಿದಳು.

ಬೀದಿಯ ತುದಿಯಲ್ಲಿ ಯಾರೋ ಮನೆ ಕಟ್ಟುತ್ತಿದ್ದರು. ಅಲ್ಲಿಂದ ಚೀಲದಲ್ಲಿ ಇಟ್ಟಿಗೆ ಹೊತ್ತು ತಂದವಳು ಸೊಸೆಯೇ. ಹೊರುವಾಗ ಬಸಿರಿರಲಿಲ್ಲವಾದ್ದರಿಂದ ಅವಳ ಸೊಂಟದ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಮಂಚದ ಕಾಲ್ದೆಸೆಯ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಪೇರಿಸಿದರು. ಮಂಚ ತಲೆಯ ಕಡೆಗೆ ಇಳಿಜಾರಾಯಿತು.

"ಈಗ ಹೇಗೆ ಜಾರುತ್ತೋ ನೋಡ್ತೀನಿ," ಎಂದಳು ಅತ್ತೆ.

ಬಸಿರು ಎಂದರೆ ಜಾರುಬಂಡೆಯ ಮೇಲೆ ಕೂತ ಮಗು ಎಂದು ಆ ಮನೆಯವರು ಖಂಡಿತವಾಗಿ ನಂಬಿದ್ದರು. ಇಳಿಜಾರನ್ನು ತಿರುಗಿಸಿದರೆ ಅದು ವಾಪಸು ಒಳಗೆ ಹೋಗಬೇಕು. ಕಾಲು ಮೇಲೆ, ತಲೆ ಕೆಳಗೆ ಮಾಡಿ ಅವಳು ಮಲಗಿದಳು. ರಕ್ತವೆಲ್ಲ ಮುಖಕ್ಕೆ ಇಳಿದು ಕಿವಿ ಗುಂಯ್‌ಗುಟ್ಟುತ್ತಿತ್ತು. ಬೆಳಿಗ್ಗೆ ಕಣ್ಣು ಊದಿಕೊಂಡಿರುತ್ತಿತ್ತು. ಗಂಡನೂ ಅದೇ ಮಂಚದಲ್ಲಿ ಮಲಗಿದ. ಮುಂಜಾನೆ ಅವನ ನೆತ್ತಿ ತಲೆಹಲಗೆಗೆ ಒತ್ತಿ, ಕುತ್ತಿಗೆ ಹಿಡಿದುಕೊಂಡಿರುತ್ತಿತ್ತು. ಮೂರನೆಯ ಬಸಿರು ಕಟ್ಟಿದ ಮೇಲೆ ಒಂದೆರಡು ದಿನ ಸಹಿಸಿ, ಇನ್ನು ತನಗೆ ಅಲ್ಲಿ ಕೆಲಸವಿಲ್ಲ ಎಂದು ನಡುಮನೆಯಲ್ಲಿ ಚಾಪೆ ಹಾಕಿಕೊಂಡ. ಬಸಿರಿಲ್ಲದ ದಿನಗಳಲ್ಲಿ ಕುತ್ತಿಗೆನೋವನ್ನು ಲೆಕ್ಕಿಸದೆ ಬರುತ್ತಿದ್ದ.

ಗಂಡ ಫ್ಲೆಕ್ಸ್ ಮುದ್ರಿಸುವ ಅಂಗಡಿಯಲ್ಲಿ ಯಂತ್ರ ನಡೆಸುತ್ತಿದ್ದ. ಊರಿನ ಹುಟ್ಟುಹಬ್ಬ, ಸಾವು, ಚುನಾವಣೆ, ಎಲ್ಲವೂ ಅವನ ಯಂತ್ರದಿಂದ ಉದ್ದಕ್ಕೆ ಹೊರಬರುತ್ತಿದ್ದವು. ಫ್ಲೆಕ್ಸಿನ ಸುರುಳಿಯ ಕೊನೆಯಲ್ಲಿ ಜಾಗ ಉಳಿದರೆ ಅವನು ತನ್ನ ಮುಖ ಹಾಕಿಕೊಳ್ಳುತ್ತಿದ್ದ. ಮುಖದ ಕೆಳಗೆ ಕೆಂಪಕ್ಷರದಲ್ಲಿ 'ರಕ್ತದಾನಿ' ಎಂದು. ಅದು ಸುಳ್ಳಲ್ಲ. ಅವನು ಶಿಬಿರ ಬಿಡುತ್ತಿರಲಿಲ್ಲ. ಅಧಿಕಾರದಲ್ಲಿದ್ದವರ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ, ಅಧಿಕಾರ ಹೋದವರ ಹುಟ್ಟುಹಬ್ಬಕ್ಕೂ ಕೊಟ್ಟಿದ್ದ. ನಡುಮನೆಯ ಗೋಡೆಯಲ್ಲಿ ಪ್ರಮಾಣಪತ್ರಗಳಿಗೆ ಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದ. ಒಂದೊಂದರಲ್ಲೂ ಒಂದು ಹನಿ, ಹನಿಯೊಳಗೆ ನಗುವ ಹೃದಯ.

ಬೀದಿಯಲ್ಲಿ ಕಟ್ಟಿದ ಫ್ಲೆಕ್ಸ್ ಹಳೆಯದಾದಾಗ ಮನೆಗೆ ತರುತ್ತಿದ್ದ. ಗಟ್ಟಿ ಬಟ್ಟೆ, ನೀರು ಇಳಿಯುವುದಿಲ್ಲ, ನೂರು ಉಪಯೋಗ. ಅಂಥದ್ದೊಂದನ್ನು ಅತ್ತೆ ಮಂಚದ ಅಳತೆಗೆ ಮಡಿಸಿ, ಹಾಸಿಗೆಯ ಮೇಲೆ, ದುಪ್ಪಟಿಯ ಕೆಳಗೆ ಹಾಸಿದ್ದಳು.

"ಹಾಸಿಗೆ ಕೆಡಬಾರದಲ್ಲ," ಎಂದಳು.

ಮೊದಲ ಸಲ ಕೆಟ್ಟಿತ್ತು. ಎರಡನೆಯ ಸಲ ಕೆಡಲಿಲ್ಲ. ಎರಡನೆಯ ಸಲ ಎಲ್ಲ ಮುಗಿದ ಮೇಲೆ ದುಪ್ಪಟಿ ಎಳೆದಾಗ ಅವಳಿಗೆ ಕಂಡದ್ದು ಗಂಡನ ಮುಖ. ಆಳುದ್ದದ ಮುಖ. ಹಲ್ಲಿನ ಮೇಲೆ, ಕೆನ್ನೆಯ ಮೇಲೆ ರಕ್ತ ಇಳಿದು ಹರಡಿತ್ತು. ಅವನು ನಗುತ್ತಲೇ ಇದ್ದ. ಅವಳು ಅದನ್ನು ಬಚ್ಚಲಿಗೆ ಒಯ್ದು, ಕಲ್ಲಿನ ಮೇಲೆ ಹರಡಿ, ಕುಕ್ಕರಗಾಲಲ್ಲಿ ಕೂತು ಉಜ್ಜಿದಳು. ಹೊಟ್ಟೆ ಹಿಂಡುತ್ತಿತ್ತು. ಉಜ್ಜಿದಷ್ಟೂ ಮುಖ ಹೊಳೆಯಿತು. ಒಣಗಿಸಿ ಮತ್ತೆ ಹಾಸಿದರು.

ಮೂರನೆಯದು ಅಂಗಡಿಯಲ್ಲಿ ಹೋಯಿತು.

ಮಧ್ಯಾಹ್ನ, ಗಿರಾಕಿಗಳ ಹೊತ್ತು. ಬೆಳಿಗ್ಗೆಯಿಂದಲೇ ಸೊಂಟ ಹಿಡಿದುಕೊಂಡಿತ್ತು. ದಿಂಬಿನ ವಿಭಾಗದ ಹಿರಿಯಳೊಬ್ಬಳಿದ್ದಳು, ಎಲ್ಲರಿಗೂ ದಿಂಬಕ್ಕ. ಅವಳು ಮುಖ ನೋಡಿಯೇ ಹತ್ತಿರ ಬಂದಳು.

"ಏನೇ, ಬಿಳಿಚಿಕೊಂಡಿದೀಯ?"

"ಅಕ್ಕಾ, ಸ್ವಲ್ಪ ಕೂತ್ಕೋತೀನಿ."

"ಕೂತ್ಕೋ. ಅವನ ಮನೆ ಹಾಳಾಗ. ನಾನು ಅಡ್ಡ ನಿಲ್ತೀನಿ."

ಅವಳು ಹತ್ತಿರವಿದ್ದ ಹಾಸಿಗೆಯ ಅಂಚಿಗೆ ಕೂತಳು. ಅಂಗಡಿಗೆ ಸೇರಿದಾಗಿನಿಂದ ಮೊದಲ ಸಲ. ಹೊಸ ಮದುವೆಯವರ ಹಾಸಿಗೆ ಅದು, ತುಂಬ ಮೆತ್ತಗಿತ್ತು, ಅವಳನ್ನು ಒಳಗೆ ತೆಗೆದುಕೊಂಡಿತು. ತೊಡೆ ಬೆಚ್ಚಗಾಯಿತು. ಆಗಲೇ ಗೊತ್ತಾಯಿತು.

ಸ್ಪ್ರಿಂಗು ಓಡಿ ಬಂದ. ಮೊದಲು ನೋಡಿದ್ದು ಹಾಸಿಗೆಯನ್ನು.

"ಏಳು. ಏಳು ಅಂದೆ. ಅಯ್ಯೋ, ಒಳಗೆ ಇಳೀತದೆ ಅದು."

"ಸರ್, ಆಸ್ಪತ್ರೆಗೆ—" ಎಂದಳು ದಿಂಬಕ್ಕ.

"ಹೋಗಲಿ, ಬೇಡ ಅಂದ್ನಾ? ಮೊದಲು ಇದರ ಮೇಲಿಂದ ಏಳ್ಸು."

ಅವಳು ಎದ್ದಳು. ಹೊಟ್ಟೆ ಹಿಡಿದು ಹತ್ತಿರದ ಶೌಚಾಲಯದ ಕಡೆಗೆ ನಡೆದಳು. ಸ್ಪ್ರಿಂಗು ಹಿಂದಿನಿಂದ, ಗಿರಾಕಿಗಳಿಗೆ ಕೇಳಿಸದ ಹಾಗೆ, ಆದರೆ ಅವಳಿಗೆ ಕೇಳಿಸುವ ಹಾಗೆ ಹೇಳಿದ:

"ಅದು ಗಿರಾಕಿಗಳದ್ದು. ನಿಮ್ಮದು ಮೇಲಿದೆ."

ಅವಳು ಮೆಟ್ಟಿಲು ಹತ್ತಿದಳು. ಒಂದು ಕೈ ಗೋಡೆಯ ಮೇಲೆ, ಒಂದು ಕೈ ದಿಂಬಕ್ಕನ ಹೆಗಲ ಮೇಲೆ. ಗೋದಾಮಿನ ಹಿಂದಿನ, ಚಿಲಕ ಮುರಿದ ಶೌಚಾಲಯ. ದಿಂಬಕ್ಕ ಹೊರಗಿನಿಂದ ಬಾಗಿಲು ಹಿಡಿದುಕೊಂಡಳು. ಅಲ್ಲಿ ಹೋಯಿತು. ನೀರು ಸುರಿಯದೆ ಗತಿಯಿರಲಿಲ್ಲ, ಸುರಿದಳು. ಸುರಿಯುವಾಗ ಅವಳ ಬಾಯಿಂದ ಒಂದು ಸದ್ದು ಬಂತು. ದಿಂಬಕ್ಕ ಹೊರಗೆ ಜೋರಾಗಿ ಕೆಮ್ಮಿದಳು, ಕೆಳಗಿನವರಿಗೆ ಕೇಳಿಸದಿರಲಿ ಎಂದು.

ಅವಳು ಮತ್ತೆ ಕೆಲಸಕ್ಕೆ ಬಂದ ದಿನ ಆ ಹಾಸಿಗೆ ಅಲ್ಲೇ ಇತ್ತು. ಸ್ಪ್ರಿಂಗು ಅದನ್ನು ಮಗುಚಿ ಹಾಕಿಸಿದ್ದ. ಒಂದು ಹೊಸ ಜೋಡಿ ಬಂದು ಮಲಗಿತು. ಹುಡುಗಿಯ ಅಂಗೈಯನ್ನು ಹುಡುಗ ಹಿಡಿದುಕೊಂಡಿದ್ದ.

"ಸೊಂಟಕ್ಕೆ ಹೇಗನಿಸ್ತಿದೆ ಮೇಡಂ?" ಎಂದು ಕೇಳಿದಳು.

"ಚೆನ್ನಾಗಿದೆ," ಎಂದಳು ಹುಡುಗಿ. "ಎರಡೂ ಕಡೆ ಉಪಯೋಗಿಸಬಹುದಾ?"

"ಬಹುದು," ಎಂದ ಸ್ಪ್ರಿಂಗು, ನಡುವೆ ಬಾಯಿ ಹಾಕಿ.

ಮಾರಿದರು.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವಳು ದಿಂಬಕ್ಕ. ಅತ್ತೆ ಕಳಿಸುತ್ತಿರಲಿಲ್ಲ. ಅಲ್ಲಿಯೂ ನಿಲ್ಲುವುದೇ. ಸರದಿ ಬರುವ ತನಕ ನಿಂತು, ಒಳಗೆ ಹೋದ ಮೇಲೂ ಮೇಜಿನ ಮುಂದೆ ನಿಂತಳು. ಡಾಕ್ಟರಮ್ಮ ತಲೆ ಎತ್ತದೆ ಬರೆಯುತ್ತಿದ್ದರು.

"ಎಷ್ಟನೇದು?"

"ಮೂರು ಹೋಯ್ತು ಮೇಡಂ. ನನಗೆ ನಿಲ್ಲಲ್ಲ."

ಡಾಕ್ಟರಮ್ಮ ಆಗ ತಲೆ ಎತ್ತಿದರು. "ನಿನಗೆ ನಿಲ್ಲಲ್ಲ ಅಂತ ಯಾರು ಹೇಳಿದ್ದು?"

"ಎಲ್ಲರೂ."

"ಮೂರಕ್ಕೆ ಒಂದಾದ್ರೂ ಪರೀಕ್ಷೆ ಮಾಡಿಸಿದಾರಾ ಆ ಎಲ್ಲರೂ?"

ಅವಳು ಇಟ್ಟಿಗೆಯ ವಿಷಯ ಹೇಳಿದಳು. ಡಾಕ್ಟರಮ್ಮನಿಗೆ ನಗು ಬಂತು, ಆಮೇಲೆ ನಗು ಹೋಯಿತು.

"ಮೂರನೇದನ್ನ ತಂದಿದ್ರೆ ಪರೀಕ್ಷೆಗೆ ಕಳಿಸಬಹುದಿತ್ತು. ಏನಾಗಿತ್ತು ಅದಕ್ಕೆ ಅಂತ ಗೊತ್ತಾಗ್ತಿತ್ತು. ಎಲ್ಲಿ ಹೋಯ್ತು?"

"ಅಂಗಡಿ ಶೌಚಾಲಯದಲ್ಲಿ."

"ಹ್ಞೂಂ," ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು.

ಆಮೇಲೆ ಪರೀಕ್ಷೆಗಳು. ಥೈರಾಯ್ಡಿಗೆ ರಕ್ತ, ಸಕ್ಕರೆಗೆ ರಕ್ತ, ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು ರಕ್ತ. ಅದನ್ನೇ ಕೆಲವು ವಾರ ಬಿಟ್ಟು ಇನ್ನೊಮ್ಮೆ. ಗರ್ಭಕೋಶದ ನಡುವೆ ಅಡ್ಡಗೋಡೆಯೇನಾದರೂ ಇದೆಯೇ ಎಂದು ಒಳಗೆ ಕಡ್ಡಿ ಹಾಕಿ ಸ್ಕ್ಯಾನು. ಕಾಲು ಅಗಲಿಸು, ಸೊಂಟ ಎತ್ತು, ಉಸಿರು ಬಿಡು, ಅಲ್ಲಾಡಬೇಡ. ಅಂಗಡಿಯಿಂದ ಅಪ್ಪಣೆ ಕೇಳಿದಾಗಲೆಲ್ಲ ಸ್ಪ್ರಿಂಗು, "ಮತ್ತೇನು ಹೋಯ್ತು?" ಎಂದು ಕೇಳುತ್ತಿದ್ದ. ತೋಳಿನ ಮಡಿಕೆಯಲ್ಲಿ ಸೂಜಿಯ ನೀಲಿ ಗುರುತುಗಳು ಒಂದರ ಮೇಲೊಂದು ಬಿದ್ದವು. ಕೊನೆಗೆ ಕ್ರೋಮೋಸೋಮಿಗೆ ರಕ್ತ.

ಎಲ್ಲ ಸರಿಯಿತ್ತು. ಒಂದರಲ್ಲೂ ಏನೂ ಸಿಗಲಿಲ್ಲ.

"ನಿನ್ನ ಕಡೆ ನಾವು ನೋಡಬಹುದಾದ್ದೆಲ್ಲ ನೋಡಾಯ್ತು," ಎಂದರು ಡಾಕ್ಟರಮ್ಮ. ಈ ಸಲ ಕುರ್ಚಿ ತೋರಿಸಿದರು. "ಮೆಟ್ಟಿಲು ಹತ್ತಿದ್ದಕ್ಕೆ ಹೋಗಿಲ್ಲ, ಕೈ ಎತ್ತಿದ್ದಕ್ಕೆ ಹೋಗಿಲ್ಲ, ನಿಂತಿದ್ದಕ್ಕೆ ಹೋಗಿಲ್ಲ. ಆ ಇಟ್ಟಿಗೆ ತೆಗೀರಿ ಮೊದಲು. ಈಗ ನಿನ್ನ ಗಂಡನ ರಕ್ತ ಬೇಕು."

"ಅವರದ್ದಾ?"

"ಮಗು ಅರ್ಧ ಅವನದಲ್ವಾ? ಅವನು ಗಟ್ಟಿಮುಟ್ಟಾಗೇ ಇರಬಹುದು. ಅವನೊಳಗೆ ಕ್ರೋಮೋಸೋಮಿನ ಎರಡು ತುಂಡು ಜಾಗ ಬದಲಾಯಿಸ್ಕೊಂಡಿದ್ರೂ ಅವನಿಗೆ ಏನೂ ಆಗಲ್ಲ, ಒಟ್ಟು ಸರಿಯಾಗೇ ಇರುತ್ತೆ. ಮಗುವಿಗೆ ಹಂಚುವಾಗ ಎಡವಟ್ಟಾಗುತ್ತೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಅಂಥದ್ದು ಬೆಳೆಯಲ್ಲ."

"ಹಾಗಿದ್ರೆ ಔಷಧಿ?"

"ಅದಕ್ಕೆ ಔಷಧಿ ಇಲ್ಲ. ಗೊತ್ತಿದ್ರೆ ದಾರಿ ಇದೆ. ಮತ್ತೆ ಪ್ರಯತ್ನ ಮಾಡಬಹುದು, ಬಸಿರಲ್ಲೇ ಪರೀಕ್ಷೆ ಮಾಡಿ ನೋಡಬಹುದು, ಹೊರಗೆ ಭ್ರೂಣ ಮಾಡಿ ಸರಿಯಿದ್ದದ್ದನ್ನೇ ಇಡಬಹುದು. ಅವನದ್ದೂ ಸರಿ ಇರಬಹುದು, ಗೊತ್ತಿಲ್ಲ. ಎಷ್ಟೋ ಜನಕ್ಕೆ ಕಾರಣ ಸಿಗೋದೇ ಇಲ್ಲ, ಅವರಲ್ಲೂ ಹೆಚ್ಚಿನವರಿಗೆ ಮುಂದೆ ಮಗು ಆಗುತ್ತೆ. ಆದರೆ ನೋಡದೆ ನಾಲ್ಕನೇದಕ್ಕೆ ಹೋಗಬೇಡ. ಒಂದು ಚಮಚ ರಕ್ತ ಸಾಕು. ಕಳಿಸು."

ಹೊರಗೆ ಬಂದಾಗ ದಿಂಬಕ್ಕ ಬಿದ್ದು ಬಿದ್ದು ನಕ್ಕಳು. "ಒಂದು ಚಮಚವಂತೆ. ನಿನ್ನ ಗಂಡ ಕೊಡೋದು ಕೊಡ ಕೊಡ ಅಲ್ಲವೇನೇ. ಪುಣ್ಯಾತ್ಮ, ಇವತ್ತು ಸಾಯಂಕಾಲವೇ ಓಡಿ ಬರ್ತಾನೆ ನೋಡು."

ಅವಳೂ ಹಾಗೇ ಅಂದುಕೊಂಡಿದ್ದಳು. ನಾಲ್ಕನೆಯದಕ್ಕೆ ಮೊದಲು ಗೊತ್ತಾಗಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. ಮಗು ಆಮೇಲಿನ ಮಾತು.

ಗಂಡ ನಡುಮನೆಯಲ್ಲಿ ಚಹಾ ಕುಡಿಯುತ್ತಿದ್ದ. ಅವಳು ಹೇಳಿದಳು. ಅವನು ಲೋಟ ಕೆಳಗಿಟ್ಟ.

"ನನ್ನ ರಕ್ತ ಸರಿ ಇಲ್ಲ ಅಂದ್ಲಾ ಅವಳು?"

"ಹಾಗಂದಿಲ್ಲ ರೀ. ನೋಡಬೇಕು ಅಂದ್ರು."

"ಏನು ನೋಡೋದು? ನೋಡದೆ ತಗೋತಾರಾ ಶಿಬಿರದಲ್ಲಿ? ಪ್ರತಿ ಸಲ ಪರೀಕ್ಷೆ ಮಾಡ್ತಾರೆ. ಪ್ರತಿ ಸಲ ಪಾಸು." ಗೋಡೆಯ ಕಡೆಗೆ ಕೈ ಮಾಡಿದ. "ಇವೆಲ್ಲ ಏನು, ಕ್ಯಾಲೆಂಡರಾ?"

"ಅದು ಬೇರೆ ಪರೀಕ್ಷೆಯಂತೆ."

"ರಕ್ತ ಒಂದೇ ಕಣೆ. ನನ್ನ ರಕ್ತ ಈ ಊರಲ್ಲಿ ಎಷ್ಟು ಜನರ ಮೈಯಲ್ಲಿ ಓಡ್ತಿದೆ ಗೊತ್ತಾ? ಅವರೆಲ್ಲ ಬದುಕಿದಾರೆ. ಅವರಿಗೆಲ್ಲ ನಿಂತಿದೆ. ನಿನ್ನೊಳಗೆ ಬಂದಾಗ ಮಾತ್ರ ಕೆಡುತ್ತಾ?"

ಅತ್ತೆ ಅಡುಗೆಮನೆಯಿಂದ ಬಂದಳು, ಕೈ ಒರೆಸುತ್ತ. "ನನ್ನ ಮಗನ ರಕ್ತಕ್ಕೆ ಹೆಸರಿಡೋಕೆ ಬಂದ್ಲಾ? ನಾನು ಇವನನ್ನ ಹೊತ್ತಾಗ ಬಾವಿ ನೀರು ಸೇದ್ತಿದ್ದೆ. ನಿಂತ. ಇವನ ತಂಗಿ ನಿಂತ್ಲು. ನಮ್ಮ ಕಡೆ ಎಲ್ಲ ನಿಲ್ಲೋರೇ."

"ನಿಮಗೂ ಒಂದೆರಡು ಹೋಗಿತ್ತು ಅಂತ ನೀವೇ ಹೇಳಿದ್ರಿ ಅತ್ತೆ."

ಅತ್ತೆಯ ಮುಖ ಗಂಟಾಯಿತು. "ಅದು ಬೇರೆ. ಅದು ಕಣ್ಣುದೃಷ್ಟಿ."

ಮರುದಿನ ಗಂಡ ಆಸ್ಪತ್ರೆಗೆ ಹೋದ. ಅವಳಿಗೆ ಒಂದು ಗಳಿಗೆ ಅವನ ಮೇಲೆ ಮರುಕ ಬಂತು. ಅವಳು ಅಂಗಡಿಯಿಂದ ಬರುವ ಹೊತ್ತಿಗೆ ವಾಪಸು ಬಂದ. ಕಂಕುಳಲ್ಲಿ ಕಟ್ಟು ಹಾಕಿದ ಪ್ರಮಾಣಪತ್ರಗಳಿದ್ದವು. ಗೋಡೆಯಿಂದ ಇಳಿಸಿ, ಟವೆಲಿನಲ್ಲಿ ಸುತ್ತಿ, ಡಾಕ್ಟರಮ್ಮನ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿ ತೋರಿಸಿ ಬಂದಿದ್ದನಂತೆ.

"ಏನಂದ್ರು?"

"ಅಹಂಕಾರ ಅವಳಿಗೆ. ಇದನ್ನೆಲ್ಲ ತೆಗೆದು ತೋಳು ಮಡಿಸು ಅಂದ್ಲು. ನಾನು ಬಂದ್ಬಿಟ್ಟೆ."

"ಸೂಜಿಗೆ ಹೆದರ್ತೀರಾ?"

"ನಾನು? ಸೂಜಿಗೆ?" ಅವನು ನಕ್ಕ. ನಿಜ, ಸೂಜಿಗೆ ಅವನು ಹೆದರುತ್ತಿರಲಿಲ್ಲ. ಸೂಜಿ ಚುಚ್ಚಿ ತೆಗೆದದ್ದನ್ನು ಯಾರಾದರೂ ಓದಿ ಹೇಳಿಬಿಟ್ಟರೆ ಎಂದು ಹೆದರುತ್ತಿದ್ದ. ಹೊಗಳಿಕೆ ಬರುವ ಕಡೆ ಬಾಟಲಿ ತುಂಬುತ್ತಿದ್ದ, ಉತ್ತರ ಬರುವ ಕಡೆ ಹನಿಯೂ ಇಲ್ಲ. ಪ್ರಮಾಣಪತ್ರಗಳನ್ನು ಮತ್ತೆ ಮೊಳೆಗೆ ನೇತುಹಾಕಿ, ಸೊಟ್ಟಗಾದದ್ದನ್ನು ಬೆರಳಿನಿಂದ ನೆಟ್ಟಗೆ ಮಾಡಿದ.

ಆಮೇಲೆ ಆ ಮಾತೇ ಮನೆಯಲ್ಲಿ ಬರಲಿಲ್ಲ. ಅವಳು ಎತ್ತಿದರೆ ಅವನು ಟಿವಿಯ ಸದ್ದು ಏರಿಸುತ್ತಿದ್ದ. ಅತ್ತೆ ಮಂಚದ ಕಾಲಿಗೆ ಇನ್ನಷ್ಟು ಇಟ್ಟಿಗೆ ಏರಿಸಿದಳು. ಈಗ ಮಂಚ ಹತ್ತಲು ಅವಳು ಕೈ ಊರಬೇಕಿತ್ತು. ಅಷ್ಟು ಎತ್ತರದಿಂದ ಯಾವ ಬಸಿರೂ ಜಾರಲಾರದು, ಹೊತ್ತವಳು ಮಾತ್ರ ಜಾರಬಹುದು.

"ಮುಟ್ಟಾಗಿ ಎಷ್ಟು ದಿನ ಆಯ್ತು?" ಎಂದು ಅತ್ತೆ ಒಂದು ದಿನ ಬೆಳಿಗ್ಗೆ ಕೇಳಿದಳು. "ಭಾನುವಾರ ರಜಾ ತಾನೆ? ಅವನಿಗೂ ರಜಾ. ಶಿಬಿರ ಮುಗಿಸ್ಕೊಂಡು ಬರ್ತಾನೆ. ನಾನು ಮಗಳ ಮನೆಗೆ ಹೋಗ್ತೀನಿ." ಫ್ಲೆಕ್ಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಡಿಕೆ ಬಿಡಿಸಿ ಹಾಸಿದಳು. "ಈ ಸಲ ನಿಲ್ಲಿಸ್ಕೋ ತಾಯಿ. ಇದೂ ನಿಲ್ಲದಿದ್ರೆ ನಾವು ಬೇರೆ ಕಡೆ ನೋಡಬೇಕಾಗುತ್ತೆ. ನನ್ನನ್ನ ದೂರಬೇಡ ಆಮೇಲೆ."

ಬೇರೆ ಕಡೆ ಎಂದರೆ ಬೇರೆ ಹೆಣ್ಣು. ಬೇರೆ ಡಾಕ್ಟರಲ್ಲ.

ಅವಳು ಫ್ಲೆಕ್ಸಿನ ಮೇಲಿನ ಮುಖ ನೋಡಿದಳು. ಎಲ್ಲರೂ ಸೇರಿ ದಿನ ಗೊತ್ತುಮಾಡಿದ್ದರು. ನಾಲ್ಕನೆಯದನ್ನು ಹೊರುವ ದಿನವನ್ನೂ, ಅದನ್ನು ಬಚ್ಚಲಿನಲ್ಲಿ ಉಜ್ಜುವ ದಿನವನ್ನೂ. ಎರಡನೆಯ ದಿನಾಂಕವನ್ನು ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ. ಹೇಳದಿದ್ದರೂ ಪ್ಲಾಸ್ಟಿಕ್ ಹಾಸಿದ್ದರು.

ಭಾನುವಾರ ಅವಳು ಶಿಬಿರಕ್ಕೆ ಹೋದಳು.

ಸಭಾಂಗಣದ ಬಾಗಿಲಿಗೆ ಬಡಾವಣೆಯ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸು, ಕೆಳಗಿನ ಮೂಲೆಯಲ್ಲಿ ಗಂಡನ ಮುಖ. ಒಳಗೆ ಸಾಲಾಗಿ ಮಂಚಗಳು. ಅವಳಿಗೆ ಅಂಗಡಿಗೇ ಬಂದ ಹಾಗಾಯಿತು. ಗಂಡಸರು ತೋಳು ಚಾಚಿ ಮಲಗಿದ್ದರು, ಅಂಗೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತ. ಗಂಡ ಮೂರನೆಯ ಮಂಚದಲ್ಲಿದ್ದ. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಅವನ ಚೀಲ ತುಂಬುತ್ತಿತ್ತು, ಕಪ್ಪುಗೆಂಪು, ಬೆಚ್ಚಗೆ ಕಾಣುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಖಾಲಿ ಪರೀಕ್ಷಾ ಕೊಳವೆಗಳು.

ಅವಳು ಮಂಚದ ಪಕ್ಕ ಕೈಕಟ್ಟಿ ನಿಂತಳು. ರೂಢಿ.

"ಸೊಂಟಕ್ಕೆ ಹೇಗನಿಸ್ತಿದೆ?" ಎಂದು ಕೇಳಿದಳು.

ಗಂಡ ಕಣ್ಣು ಬಿಟ್ಟ. "ನೀನ್ಯಾಕೆ ಬಂದೆ ಇಲ್ಲಿಗೆ?"

"ನನಗೂ ಸ್ವಲ್ಪ ಬೇಕಿತ್ತು."

ಫೋಟೋದವನು ನಕ್ಕ. "ನಿಮ್ಮ ಮನೆಯವರಾ ಅಣ್ಣಾ? ಬನ್ನಿ ಅಕ್ಕಾ, ಪಕ್ಕ ನಿಲ್ಲಿ. ಒಂದು ತೆಗೀತೀನಿ."

"ನಿಂತಿದೀನಿ ತೆಗೀಪ್ಪಾ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು. "ಒಂದು ಚಮಚ ಕೇಳಿದ್ದು. ಊರಿಗೆ ಬಾಟಲಿ, ನನಗೆ ಚಮಚ. ಮೂರು ಮಕ್ಕಳು ಯಾಕೆ ಹೋದ್ವು ಅಂತ ನೋಡೋಕೆ. ನನ್ನದೆಲ್ಲ ನೋಡಾಯ್ತು. ನಿಮ್ಮದು ಬಾಕಿ. ಇಲ್ಲೇ ತೋಳು ಚಾಚಿದೀರ, ಸೂಜಿಯೂ ಒಳಗಿದೆ. ಆಸ್ಪತ್ರೆ ಎದುರು ರಸ್ತೇಲಿದೆ. ಎದ್ದ ಮೇಲೆ ಬರ್ತೀರಾ?"

ಸಭಾಂಗಣದಲ್ಲಿ ಚೆಂಡು ಹಿಸುಕುವುದು ನಿಂತಿತು. ಪಕ್ಕದ ಮಂಚದ ದಪ್ಪಗಿನವನು ಕತ್ತು ಹೊರಳಿಸಿ ನೋಡಿದ. ನರ್ಸು ಟೇಪು ಹರಿಯುತ್ತಿದ್ದವಳು ಹಾಗೇ ಹಿಡಿದುಕೊಂಡಳು.

"ಮನೆಗೆ ಹೋಗು," ಎಂದ ಗಂಡ. ಅವನ ಮುಖ ಫ್ಲೆಕ್ಸಿನಲ್ಲಿ ಇದ್ದದ್ದಕ್ಕಿಂತ ತುಂಬ ಚಿಕ್ಕದಾಗಿ ಕಂಡಿತು.

"ಬರ್ತೀರಾ ಇಲ್ವಾ?"

"ಮನೆಗೆ ಹೋಗು ಅಂದೆ. ಮಾನ ತೆಗೀಬೇಡ."

"ನನ್ನದು ನಲ್ಲಿ ಹತ್ರ ಹೋಗಿದೆ," ಎಂದಳು. "ನಿಮ್ಮದು ಇಲ್ಲಿ ಹೋಗಲಿ."

ಫೋಟೋದವನು ಮೊಬೈಲನ್ನು ಜೇಬಿಗಿಟ್ಟ. ಅವಳು ಹೊರಗೆ ಬಂದಳು. ಬಾಗಿಲಿನಲ್ಲಿ ಯಾರೋ ಅಭ್ಯಾಸಬಲದಿಂದ ಅವಳ ಕೈಗೂ ಒಂದು ಹಣ್ಣಿನ ರಸದ ಪೊಟ್ಟಣ ಇಟ್ಟರು. ರಸ್ತೆ ದಾಟುತ್ತ ಅದನ್ನು ಪೂರ್ತಿ ಕುಡಿದಳು. ಅವಳು ಕೊಟ್ಟ ರಕ್ತಕ್ಕೆ ಇಷ್ಟು ದಿನ ಯಾರೂ ಏನೂ ಕೊಟ್ಟಿರಲಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಹೇಳಿದ ಹಾಗೇ ಮಗಳ ಮನೆಗೆ ಹೋಗಿದ್ದಳು. ಅವಳು ಸೆರಗು ಸಿಕ್ಕಿಸಿಕೊಂಡು, ಮಂಚದ ಕಾಲ್ದೆಸೆಯ ಚೌಕಟ್ಟಿಗೆ ಭುಜ ಕೊಟ್ಟು ಎತ್ತಿದಳು. ಹಾಸಿಗೆ ಎತ್ತಿ ಎತ್ತಿ ಪಳಗಿದ ಭುಜ. ಕಾಲಿನಿಂದ ಇಟ್ಟಿಗೆಯನ್ನು ಒಂದೊಂದಾಗಿ ಒದ್ದು ಸರಿಸಿದಳು. ಮಂಚ ದಡಾರ್ ಎಂದು ನೆಲಕ್ಕೆ ಕೂತಿತು. ಗೋಡೆಯ ಆಚೆ ಪ್ರಮಾಣಪತ್ರಗಳು ಅಲುಗಿದವು.

ಆಮೇಲೆ ದುಪ್ಪಟಿ ಎಳೆದಳು. ಫ್ಲೆಕ್ಸನ್ನು ಅವನು ಮಲಗುವ ಬದಿಗೆ ಅರ್ಧಕ್ಕೆ ಮಡಿಸಿ ಹಾಕಿದಳು, ಮುಖ ಮೇಲೆ. ಇಟ್ಟಿಗೆಗಳನ್ನು ತಂದು ಮಂಚದ ನಡುವೆ, ತಲೆಯಿಂದ ಕಾಲಿನ ತನಕ ಸಾಲಾಗಿ ಇಟ್ಟಳು. ಮಣ್ಣು ಉದುರಿತು. ಉದುರಲಿ. ತನ್ನ ಬದಿಗೆ ತೊಳೆದ ದುಪ್ಪಟಿ ಹಾಸಿಕೊಂಡಳು.

ಗಂಡ ಬಂದಾಗ ಇನ್ನೂ ಬಿಸಿಲಿತ್ತು. ಒಂದು ಕೈಯಲ್ಲಿ ಹಣ್ಣಿನ ರಸದ ಪೊಟ್ಟಣ, ಒಂದು ಕೈಯಲ್ಲಿ ಹೊಸ ಪ್ರಮಾಣಪತ್ರ. ತೋಳಿನ ಮಡಿಕೆಯಲ್ಲಿ ಹತ್ತಿ. ಬೈಯಲು ಬಾಯಿ ತೆರೆದುಕೊಂಡೇ ಬಂದವನು ಮಂಚ ನೋಡಿ ಬಾಗಿಲಲ್ಲೇ ನಿಂತ.

"ಏನಿದು?"

"ನಿಮ್ಮ ಕಡೆ ನಿಮ್ಮ ಮುಖ ಹಾಸಿದೀನಿ. ಹಾಸಿಗೆ ಕೆಡಲ್ಲ."

"ಲೇ, ತಲೆ ಕೆಟ್ಟಿದೆಯಾ? ಆ ಇಟ್ಟಿಗೆ ತೆಗಿ. ಅಮ್ಮ ಹೇಳಿದ್ದೇನು, ನೀನು ಮಾಡಿದ್ದೇನು? ಇವತ್ತು—"

"ಇವತ್ತು ಇಲ್ಲ. ನಾಳೆಯೂ ಇಲ್ಲ. ಪರೀಕ್ಷೆಗೆ ರಕ್ತ ಕೊಟ್ಟು ಬರೋ ತನಕ ಈ ಗೋಡೆ ಇಲ್ಲೇ ಇರುತ್ತೆ. ಏನೇ ಬರಲಿ ಅದರಲ್ಲಿ, ನಿನ್ನ ಕೈಲಿ ಹಿಡಿದುಕೊಂಡು ಬಾ. ಆಮೇಲೆ ಮಾತಾಡೋಣ."

ಮದುವೆಯಾದಾಗಿನಿಂದ ಅವನನ್ನು ನೀನು ಎಂದಿರಲಿಲ್ಲ. ಅವನಿಗೆ ಅದು ಇಟ್ಟಿಗೆಗಿಂತ ಜೋರಾಗಿ ತಗಲಿತು.

"ಅಮ್ಮ ಬೇರೆ ಹೆಣ್ಣು ನೋಡ್ತಾಳೆ. ಗೊತ್ತಿರಲಿ."

"ನೋಡಲಿ. ಅವಳಿಗೆ ಹೇಳೋಕೆ ನನ್ನ ಹತ್ರ ಒಂದು ಮಾತಿದೆ. ಮದುವೆಗೆ ಮುಂಚೆ ಒಂದು ಚಮಚ ಕೇಳಮ್ಮಾ ಅಂತ. ದಾರೀಲಿ ಫ್ಲೆಕ್ಸ್ ಕಟ್ಟಿಸ್ತೀನಿ ಬೇಕಾದ್ರೆ."

ಅವನು ಒಳಗೆ ಒಂದು ಹೆಜ್ಜೆ ಇಟ್ಟ. ಅವಳು ಒಂದು ಇಟ್ಟಿಗೆಯ ಮೇಲೆ ಕೈ ಇಟ್ಟಳು. ಎತ್ತಲಿಲ್ಲ. ಸುಮ್ಮನೆ ಇಟ್ಟಳು. ಅವನು ಹೆಜ್ಜೆ ಹಿಂದಕ್ಕೆ ತೆಗೆದ.

"ಎಷ್ಟು ದಿನ ನಡೆಸ್ತೀಯ ಇದನ್ನ?" ಎಂದ. ದನಿಯಲ್ಲಿ ಹಳೆಯ ಗೇಲಿಯನ್ನು ಹೇಗೋ ತಂದುಕೊಂಡ. "ನಿನಗೆ ಯಾವುದು ನಿಂತಿದೆ?"

"ಹೊಟ್ಟೇಲಿ ನಿಂತಿಲ್ಲ," ಎಂದಳು. "ಈ ಮಾತು ನಿಲ್ಲುತ್ತೆ."

ಅವಳು ಮಂಚದ ತನ್ನ ಬದಿಗೆ ಮಲಗಿದಳು. ಮಟ್ಟಸವಾಗಿ, ತಲೆ ಕಾಲು ಒಂದೇ ಎತ್ತರದಲ್ಲಿ. ಕಿವಿಯಲ್ಲಿ ಗುಂಯ್‌ಗುಟ್ಟುವುದು ಇರಲಿಲ್ಲ. ಬೆನ್ನು ಒಂದೊಂದೇ ಎಲುಬಾಗಿ ಹಾಸಿಗೆಗೆ ಇಳಿಯಿತು. ನಾಳೆ ಅಂಗಡಿಗೆ ಹೋಗಿ ಗೋದಾಮಿನಿಂದ ಆ ಸ್ಟೂಲನ್ನು ಕೆಳಗೆ ತರಬೇಕು ಎಂದು ಅಂದುಕೊಂಡಳು. ಸೊಂಟಕ್ಕೆ ಚೆನ್ನಾಗಿತ್ತು.

ಕಣ್ಣು ಮುಚ್ಚಿದಳು. ಬಾಗಿಲಲ್ಲಿ ಅವನು ಪ್ರಮಾಣಪತ್ರ ಹಿಡಿದುಕೊಂಡು ನಿಂತೇ ಇದ್ದ.